ಬಿಳಿಯರೆಂದು ಬದುಕಲು ಹೊರಟವರು ಮನೆಯವರನ್ನೇ ಯಾಕೆ ಬಿಟ್ಟರು?

ಸುಮಾ: ಅಮೆರಿಕದಲ್ಲಿ ಬೆಳ್ಳಗಿದ್ದ ಕೆಲವು ಕಪ್ಪು ಜನ ತಾವು ಬಿಳಿಯರೆಂದೇ ಹೇಳಿಕೊಂಡು ಬದುಕಿದ್ದರಂತೆ. ಒಳ್ಳೆಯ ಕೆಲಸಕ್ಕಾಗಿ ಅಂದರೆ ಸರಿ. ಆದರೆ ಗುಟ್ಟಾಗಿ ಅಪ್ಪ ಅಮ್ಮನ ಮನೆಗೆ ಹೋಗಿ ಬರಬಹುದಿತ್ತಲ್ವಾ?

ಶ್ರೀಧರ: ಸುಮಾ ಅವರೇ, ಕೆಲವರು ಹಾಗೂ ಮಾಡಿದರು. ಹಗಲು ಬಿಳಿಯರ ನಡುವೆ ಕೆಲಸ, ಸಂಜೆ ತಮ್ಮವರ ಮನೆ. ಪೂರ್ತಿ ದಾಟಿದವರಿಗೆ ಮಾತ್ರ ಅದು ಕಷ್ಟ. ಅವರ ಮುಖ ನೋಡಿದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಪಕ್ಕದಲ್ಲಿ ಕಪ್ಪಗಿರುವ ಅಕ್ಕನೋ ಮಾವನೋ ನಿಂತರೆ ಮುಗೀತು. ವರ್ಜೀನಿಯಾದ 1924ರ ಕಾನೂನಿನಲ್ಲಂತೂ ಆಫ್ರಿಕನ್ ರಕ್ತ ಒಂದು ಹನಿ ಇದ್ದರೂ ಬಿಳಿಯರಲ್ಲ, ಬಿಳಿಯರನ್ನು ಮದುವೆಯಾದರೆ ಜೈಲು. ಆ ಮದುವೆ ನಿಷೇಧವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1967ರಲ್ಲಿ.

ನನ್ನನ್ನು ಬಹಳ ಕಾಡಿದ್ದು ಬೆಲ್ ಡ ಕೋಸ್ಟಾ ಗ್ರೀನ್ ಕಥೆ. ನ್ಯೂಯಾರ್ಕಿನ ಬ್ಯಾಂಕರ್ ಜೆ. ಪಿ. ಮಾರ್ಗನ್ ಅವರ ಪುಸ್ತಕ ಸಂಗ್ರಹವನ್ನು ನೋಡಿಕೊಂಡವರು, ಮುಂದೆ ಆ ಲೈಬ್ರರಿಯ ಮೊದಲ ನಿರ್ದೇಶಕಿ. ಅವರ ಅಪ್ಪ ರಿಚರ್ಡ್ ಗ್ರೀನರ್ 1870ರಲ್ಲಿ ಹಾರ್ವರ್ಡ್ ಕಾಲೇಜಿನಲ್ಲಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ, ಕಪ್ಪು ಜನರ ಹಕ್ಕಿಗಾಗಿ ಮಾತಾಡಿ ಹೆಸರು ಮಾಡಿದವರು. ಬೇರೆಯವರಾದರೆ ಎದೆಯುಬ್ಬಿಸಿ ಹೇಳಿಕೊಳ್ಳುವ ಅಪ್ಪ. ಮಗಳಿಗೆ ಆ ಹೆಸರೇ ಕುತ್ತು! ಅಪ್ಪ ಅಮ್ಮ ಬೇರೆಯಾದ ಮೇಲೆ ‘ಗ್ರೀನರ್’ ಹೋಗಿ ‘ಗ್ರೀನ್’ ಆಯಿತು. ಮೈಬಣ್ಣಕ್ಕೆ ಪೋರ್ಚುಗೀಸ್ ಮೂಲದ ಕಥೆ ಹುಟ್ಟಿತು. 1950ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಖಾಸಗಿ ಕಾಗದಪತ್ರಗಳನ್ನು ಅವರು ಸುಟ್ಟುಹಾಕಿದರು.

ಸುಮಾ: ಮಕ್ಕಳಿಗಾದರೂ ಹೇಳುತ್ತಿದ್ದರಾ ಸರ್?

ಶ್ರೀಧರ: ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ವಿಮರ್ಶಕ ಅನಟೋಲ್ ಬ್ರೊಯಾರ್ಡ್ ಅವರನ್ನೇ ನೋಡಿ. 1990ರಲ್ಲಿ ಸಾವು ಹತ್ತಿರ ಬಂದಾಗಲೂ ಬಾಯಿ ಬಿಡಲಿಲ್ಲ. ಕೊನೆಗೆ ಹೆಂಡತಿಯೇ ಮಕ್ಕಳಿಗೆ ಹೇಳಬೇಕಾಯಿತು. ಬ್ರೊಯಾರ್ಡ್ ಅವರ ಒಬ್ಬ ತಂಗಿ ಕಪ್ಪು ಮಹಿಳೆಯಾಗಿಯೇ ಬದುಕಿದ್ದರು. ಅಂದರೆ ಆ ಮಕ್ಕಳಿಗೆ ಒಬ್ಬ ಅತ್ತೆಯ ಒಡನಾಟವೇ ತಪ್ಪಿಹೋಯಿತು. ಸುಳ್ಳು ಹೇಳಿದ್ದು ಒಬ್ಬರು, ದಂಡ ಕಟ್ಟಿದ್ದು ಮನೆಮಂದಿಯೆಲ್ಲ. ಹಾಗಂತ ಅವರನ್ನು ಸುಮ್ನೆ ಬೈಯಲು ನನಗೆ ಮನಸ್ಸಾಗುವುದಿಲ್ಲ. ಬೇಲಿ ಹಾಕಿದವರು ಅವರಲ್ಲ.

ಪ್ರಕಾಶ್: ಎಲ್ಲರೂ ಬಿಟ್ಟುಹೋಗಲಿಲ್ಲ ಸರ್. ವಾಲ್ಟರ್ ವೈಟ್ ನೀಲಿ ಕಣ್ಣಿನವರು, ಆದರೂ ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿಯಲ್ಲಿ ದುಡಿದರು. ಗುಂಪು ಕೊಲೆಗಳ ತನಿಖೆಗೆ ಬಿಳಿಯನಂತೆ ಹಳ್ಳಿಗಳಿಗೆ ಹೋಗಿ ಕೊಂದವರ ಬಾಯಿಂದಲೇ ವಿಷಯ ತೆಗೆಯುತ್ತಿದ್ದರು.

ಶ್ರೀಧರ: ಹೌದು ಪ್ರಕಾಶ್. ಅವರ ಅಪ್ಪನೂ ಅಷ್ಟೇ ಬೆಳ್ಳಗಿದ್ದರು. 1931ರಲ್ಲಿ ಅಟ್ಲಾಂಟಾದಲ್ಲಿ ಕಾರು ಡಿಕ್ಕಿ ಹೊಡೆದಾಗ ಅವರನ್ನು ಬಿಳಿಯರ ವಾರ್ಡಿಗೆ ಸೇರಿಸಿದರು. ಕಪ್ಪಗಿದ್ದ ಅಳಿಯ ನೋಡಲು ಬಂದದ್ದೇ ತಡ, ಎತ್ತಿಕೊಂಡು ಹೋಗಿ ಕಪ್ಪು ಜನರ ವಾರ್ಡಿಗೆ ಹಾಕಿದರು. ಅವರು ಅಲ್ಲೇ ತೀರಿಕೊಂಡರು.