ಐಸಿಂಗ್ ಮಾಡೆಲ್ ಸಿಮ್ಯುಲೇಷನ್: ಪೀಕ್ 2.269ರಲ್ಲಿ ಬರುತ್ತಿಲ್ಲ, ತಣ್ಣಗಿರುವಾಗಲೂ ಏನೋ ಎಡವಟ್ಟು

ಜಾಲರಿ_32

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಎರಡು ಆಯಾಮದ ಐಸಿಂಗ್ ಮಾಡೆಲ್ ತಗೊಂಡಿದ್ದೇನೆ (ಮ್ಯಾಗ್ನೆಟ್‌ನ ಸರಳ ಮಾಡೆಲ್: ಜಾಲರಿಯ ಪ್ರತಿ ಬಿಂದುವಿನಲ್ಲೂ ಮೇಲೆ ಅಥವಾ ಕೆಳಗೆ ತಿರುಗಿದ ಒಂದು ಸ್ಪಿನ್, ನೆರೆಯವು ಒಂದೇ ಕಡೆ ತಿರುಗಿದ್ದರೆ ಎನರ್ಜಿ ಕಡಿಮೆ). ಚೌಕ ಲ್ಯಾಟಿಸ್, 32×32, ಪೀರಿಯಾಡಿಕ್ ಅಂಚು (ಎದುರುಬದುರಿನ ಅಂಚುಗಳು ಅಂಟಿಕೊಂಡಂತೆ), ಮೆಟ್ರೊಪೊಲಿಸ್ ಅಲ್ಗಾರಿದಮ್ (ಒಂದೊಂದೇ ಸ್ಪಿನ್ ತಿರುಗಿಸಲು ನೋಡಿ, ಎನರ್ಜಿ ಏರುವುದಾದರೆ ಒಂದು ಸಾಧ್ಯತೆಯಲ್ಲಿ ಮಾತ್ರ ಒಪ್ಪುವುದು; ಎಲ್ಲ ಸ್ಪಿನ್‌ಗೂ ಒಂದು ಸುತ್ತು ಅಂದರೆ ಒಂದು ಸ್ವೀಪ್). ತಾಪಮಾನ 1.0ರಿಂದ 3.5ರವರೆಗೆ (ಸ್ಪಿನ್‌ಗಳ ನಡುವಿನ ಜೋಡಣೆಯನ್ನು 1 ಅಂತ ಇಟ್ಟ ಲೆಕ್ಕದಲ್ಲಿ). ಪ್ರತಿ ತಾಪಮಾನದಲ್ಲೂ ರ‍್ಯಾಂಡಮ್ ಸ್ಪಿನ್‌ಗಳಿಂದ ಶುರು ಮಾಡಿ, ಮೊದಲ 1000 ಸ್ವೀಪ್ ಬಿಟ್ಟು, ಆಮೇಲಿನ 10,000 ಸ್ವೀಪ್‌ಗಳಲ್ಲಿ ಅಳೆಯುತ್ತೇನೆ.

ಆನ್‌ಸೇಜರ್ 1944ರಲ್ಲಿ ಕೊಟ್ಟ ಉತ್ತರದ ಪ್ರಕಾರ ಟ್ರಾನ್ಸಿಷನ್ (ಸ್ಪಿನ್‌ಗಳ ಒಗ್ಗಟ್ಟು ಮುರಿಯುವ ಹಂತ) 2.269ರಲ್ಲಿ ಆಗಬೇಕು, ಅಲ್ವಾ? ನನ್ನ ಸಸೆಪ್ಟಿಬಿಲಿಟಿ (ಮ್ಯಾಗ್ನೆಟೈಸೇಷನ್‌ನ, ಅಂದರೆ ಸ್ಪಿನ್‌ಗಳ ಸರಾಸರಿಯ, ಏರಿಳಿತದ ಅಳತೆ) ಪೀಕ್ 2.32ರ ಹತ್ತಿರ ಕೂತಿದೆ. ಎರರ್ ಬಾರ್ ನೋಡಿದರೆ ತುಂಬಾ ಚಿಕ್ಕದು, ಆದರೆ ಸೀಡ್ ಬದಲಿಸಿ ಇನ್ನೊಮ್ಮೆ ಓಡಿಸಿದರೆ 2.27ರ ಅಕ್ಕಪಕ್ಕದ ಬಿಂದುಗಳು ಎಲ್ಲೆಲ್ಲೋ ಹಾರುತ್ತವೆ. ಇನ್ನೂ ತಲೆ ಕೆಡಿಸಿದ್ದು ಅಂದರೆ, 1.0ರಲ್ಲಿ ಮ್ಯಾಗ್ನೆಟೈಸೇಷನ್ ಒಂದರ ಹತ್ತಿರ ಇರಬೇಕಾದದ್ದು, ಕೆಲವು ರನ್‌ಗಳಲ್ಲಿ 0.1, 0.2 ಅಂತ ಬರುತ್ತಿದೆ. ಕೋಡ್ ತಪ್ಪಾ, ಫಿಸಿಕ್ಸ್ ತಪ್ಪಾ?

ಮಂದಗತಿ

ಮೊದಲು 1.0ರ ವಿಷಯ. ಆ 0.1 ಬಂದ ರನ್‌ನ ಕೊನೆಯ ಸ್ಥಿತಿಯನ್ನು ಸುಮ್ನೆ ಚಿತ್ರ ಮಾಡಿ ನೋಡಿ, ಮೇಲಿನ ಸ್ಪಿನ್ ಕಪ್ಪು, ಕೆಳಗಿನದು ಬಿಳಿ. ಎರಡು ಅಗಲ ಪಟ್ಟೆಗಳು ಕಾಣುತ್ತವೆ ಅಂತ ಬಾಜಿ ಕಟ್ಟುತ್ತೇನೆ: ಲ್ಯಾಟಿಸ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಗಡಿ. ನೇರ ಗಡಿಯ ಮೇಲಿರುವ ಸ್ಪಿನ್‌ಗೆ ಮೂರು ನೆರೆಯವರು ತನ್ನ ಕಡೆ, ಒಬ್ಬರು ಮಾತ್ರ ಆಚೆ ಕಡೆ. ತಿರುಗಿದರೆ ಎನರ್ಜಿ 4 ಏರುತ್ತದೆ. 1.0ರಲ್ಲಿ ಅದಕ್ಕೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ. 1.8 ಮಾತ್ರ, ಸಿಕ್ಕರೂ ಪಕ್ಕದ ಸ್ಪಿನ್‌ಗಳು ಹೆಚ್ಚಾಗಿ ಅದನ್ನು ವಾಪಸ್ ಎಳೆದುಬಿಡುತ್ತವೆ. ಹಾಗಾಗಿ ಪಟ್ಟೆ ಬಹಳ ಹೊತ್ತು ಹಾಗೇ ನಿಲ್ಲುತ್ತದೆ. ರ‍್ಯಾಂಡಮ್ ಸ್ಥಿತಿಯಿಂದ ಒಮ್ಮೆಲೇ ಸೊನ್ನೆ ತಾಪಮಾನಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಹೀಗೆ ಪಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಇದು ಗೊತ್ತಿರುವ ಸಂಗತಿ, ನಿಮ್ಮ ಕೋಡಿನ ತಪ್ಪಲ್ಲ.

ಪರಿಹಾರ ಸುಲಭ. ಪ್ರತಿ ಸಲ ರ‍್ಯಾಂಡಮ್‌ನಿಂದ ಶುರು ಮಾಡಬೇಡಿ. 3.5ರಿಂದ ಮೆಲ್ಲಗೆ ಇಳಿಸುತ್ತಾ ಹೋಗಿ, ಹಿಂದಿನ ತಾಪಮಾನದ ಕೊನೆಯ ಸ್ಥಿತಿಯೇ ಮುಂದಿನದರ ಶುರು. ಇಲ್ಲವೇ ಎಲ್ಲ ಸ್ಪಿನ್ ಮೇಲೆ ಮಾಡಿ 1.0ರಿಂದ ಏರಿಸಿ. ಎರಡೂ ಮಾಡಿ ಹೋಲಿಸಿದರೆ ಇನ್ನೂ ಒಳ್ಳೆಯದು.

ಇನ್ನು ಎರರ್ ಬಾರ್. ನೀವು ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು 10,000ದ ವರ್ಗಮೂಲದಿಂದ ಭಾಗಿಸಿದ್ದೀರಿ, ಅಲ್ವಾ? ಆ 10,000 ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಆಗಿದ್ದರೆ ಅದು ಸರಿ. ಕ್ರಿಟಿಕಲ್ ತಾಪಮಾನದ (ಟ್ರಾನ್ಸಿಷನ್ ಆಗುವ ತಾಪಮಾನದ) ಹತ್ತಿರ ಅವು ಹಾಗಿರುವುದಿಲ್ಲ. ಮೆಟ್ರೊಪೊಲಿಸ್‌ನಲ್ಲಿ ಆಟೊಕೋರಿಲೇಷನ್ ಸಮಯ (ಹಿಂದಿನ ಸ್ಥಿತಿಯ ನೆನಪು ಅಳಿಯಲು ಬೇಕಾದ ಹೊತ್ತು) ಲ್ಯಾಟಿಸ್ ಅಳತೆಯ ಸುಮಾರು 2.17ನೇ ಘಾತದಂತೆ ಬೆಳೆಯುತ್ತದೆ, ಅಂದರೆ 32ರಲ್ಲೇ ಅದು ನೂರಾರು ಸ್ವೀಪ್‌ಗಳಿಂದ ಸಾವಿರದ ಮಟ್ಟಕ್ಕೆ ಹೋಗುತ್ತದೆ. 500 ಅಂತ ಇಟ್ಟುಕೊಳ್ಳಿ, ಒಂದು ಸ್ವತಂತ್ರ ಅಳತೆಗೆ ಅದರ ಎರಡು ಪಟ್ಟು ಸ್ವೀಪ್ ಬೇಕು. ಆಗ 10,000 ಸ್ವೀಪ್‌ನಲ್ಲಿ ನಿಜವಾಗಿ ಸ್ವತಂತ್ರವಾದ ಅಳತೆ ಬರೀ ಹತ್ತು! ನಿಜವಾದ ಎರರ್ ಬಾರ್ ನೀವು ಹಾಕಿದ್ದಕ್ಕಿಂತ 30 ಪಟ್ಟು ದೊಡ್ಡದು. ಸೀಡ್ ಬದಲಿಸಿದಾಗ ಬಿಂದುಗಳು ಹಾರುವುದಕ್ಕೆ ಇದೇ ಕಾರಣ. ಬಿಟ್ಟ 1000 ಸ್ವೀಪ್ ಕೂಡ ಸಾಲದು.

ಮೆಟ್ರೊಪೊಲಿಸ್ ಬಿಟ್ಟು ವೋಲ್ಫ್ ಅಲ್ಗಾರಿದಮ್ ಹಾಕಿ. 1989ರದ್ದು, ನಲವತ್ತು ಸಾಲಿನ ಕೋಡ್. ಒಂದು ಸ್ಪಿನ್ ಆರಿಸಿ, ಅದೇ ದಿಕ್ಕಿನ ನೆರೆಯ ಸ್ಪಿನ್‌ಗಳನ್ನು 1 − exp(−2/ತಾಪಮಾನ) ಸಾಧ್ಯತೆಯಲ್ಲಿ ಗುಂಪಿಗೆ ಸೇರಿಸುತ್ತಾ ಹೋಗಿ, ಕೊನೆಗೆ ಇಡೀ ಗುಂಪನ್ನು ಒಟ್ಟಿಗೆ ತಿರುಗಿಸಿ. ಕ್ರಿಟಿಕಲ್ ತಾಪಮಾನದಲ್ಲಿ ಆ ಸಾಧ್ಯತೆ 0.586. ನಿಧಾನದ ಕಾಟ ಹೆಚ್ಚುಕಡಿಮೆ ಮಾಯ.

ಕೊನೆ_ಬೆಂಚು

ವೋಲ್ಫ್ ಒಳ್ಳೆಯದೇ, ಆದರೆ ಈಗಲೇ ಅದಕ್ಕೆ ಹಾರಬೇಡಿ ಅನ್ನುತ್ತೇನೆ. ಮೊದಲು ಮೆಟ್ರೊಪೊಲಿಸ್‌ನಲ್ಲೇ ಆಟೊಕೋರಿಲೇಷನ್ ಅಳೆದು, ಲ್ಯಾಟಿಸ್ ಅಳತೆ 8, 16, 32ಕ್ಕೆ ಅದು ಹೇಗೆ ಏರುತ್ತದೆ ಅಂತ ಗ್ರಾಫ್ ಹಾಕಿ. ಪ್ರಾಜೆಕ್ಟ್ ವರದಿಯಲ್ಲಿ ಓದೋಕೆ ಯೋಗ್ಯವಾದ ಅಧ್ಯಾಯ ಅದೇ ಆಗುತ್ತದೆ. ಆಮೇಲೆ ವೋಲ್ಫ್ ಹಾಕಿದರೆ ಎಷ್ಟು ಹೊತ್ತು ಉಳಿತಾಯವಾಯಿತು ಅಂತ ತೋರಿಸೋಕೆ ಬರುತ್ತದೆ. ಅದೂ ಅಲ್ಲದೆ ಹೊರಗಿನ ಮ್ಯಾಗ್ನೆಟಿಕ್ ಫೀಲ್ಡ್ ಸೇರಿಸಿದರೆ ವೋಲ್ಫ್ ಇದ್ದ ಹಾಗೇ ಕೆಲಸ ಮಾಡುವುದಿಲ್ಲ, ಮೆಟ್ರೊಪೊಲಿಸ್ ಮಾಡುತ್ತದೆ.

ಪೀಕ್ ಬಗ್ಗೆ ಯಾರೂ ಹೇಳಲಿಲ್ಲ. 2.32 ತಪ್ಪೇ ಅಲ್ಲ! 2.269 ಅನ್ನುವುದು ಅನಂತ ಲ್ಯಾಟಿಸ್‌ನ ಲೆಕ್ಕ, 2/ಲಾಗ್(1+√2). ನಿಮ್ಮದು 32. ಚಿಕ್ಕ ಲ್ಯಾಟಿಸ್‌ನಲ್ಲಿ ನಿಜವಾದ ಟ್ರಾನ್ಸಿಷನ್ ಆಗುವುದೇ ಇಲ್ಲ, ದುಂಡಗಿನ ಗುಡ್ಡ ಮಾತ್ರ ಬರುತ್ತದೆ, ಅದೂ ಸ್ವಲ್ಪ ಪಕ್ಕಕ್ಕೆ ಸರಿದು. ಎರಡು ಆಯಾಮದ ಐಸಿಂಗ್‌ನಲ್ಲಿ ಆ ಸರಿತ ಅಳತೆಗೆ ವಿಲೋಮ, ಅಂದರೆ ಅಳತೆ ಇಮ್ಮಡಿ ಮಾಡಿದರೆ ಸರಿತ ಅರ್ಧ. ನಿಮ್ಮ ಸರಿತ 0.05, ಹಾಗಾದರೆ 64ರಲ್ಲಿ ಪೀಕ್ 2.295ರ ಹತ್ತಿರ ಬರಬೇಕು. ಓಡಿಸಿ ನೋಡಿ. ಪೀಕ್‌ನ ಎತ್ತರವನ್ನೂ ನೋಡಿ, ಅದು ಅಳತೆಯ 7/4 ಘಾತದಂತೆ ಏರುತ್ತದೆ, ಅಂದರೆ ಇಮ್ಮಡಿಗೆ ಸುಮಾರು 3.4 ಪಟ್ಟು. ಇದು ಬಂದರೆ ಕೋಡ್ ಮೇಲೆ ನಂಬಿಕೆ ಇಡಬಹುದು.

ಪೀಕ್ ಹಿಂದೆ ಓಡುವ ಬದಲು ಬೈಂಡರ್ ಕ್ಯುಮುಲಂಟ್ ಹಾಕಿದರೆ ಕೆಲಸ ಇನ್ನೂ ಹಗುರ. ಮ್ಯಾಗ್ನೆಟೈಸೇಷನ್‌ನ ನಾಲ್ಕನೇ ಘಾತದ ಸರಾಸರಿಯನ್ನು, ವರ್ಗದ ಸರಾಸರಿಯ ವರ್ಗದ ಮೂರು ಪಟ್ಟಿನಿಂದ ಭಾಗಿಸಿ, ಒಂದರಿಂದ ಕಳೆಯಿರಿ. ತಣ್ಣಗಿದ್ದಾಗ 2/3, ತುಂಬಾ ಬಿಸಿಯಾದಾಗ ಸೊನ್ನೆ. ಬೇರೆ ಬೇರೆ ಅಳತೆಯ ಗೆರೆಗಳು ಹೆಚ್ಚುಕಡಿಮೆ ಒಂದೇ ಕಡೆ ದಾಟುತ್ತವೆ, ಅಲ್ಲೇ ಕ್ರಿಟಿಕಲ್ ತಾಪಮಾನ. ದಾಟುವ ಎತ್ತರ 0.61ರ ಆಸುಪಾಸು.

ಜಾಲರಿ_32

ಚಿತ್ರ ಹಾಕಿ ನೋಡಿದೆ, ನಿಜಕ್ಕೂ ಎರಡು ಪಟ್ಟೆ! ಮೇಲಿಂದ ಇಳಿಸುತ್ತಾ ಬಂದ ಮೇಲೆ ಈವರೆಗಿನ ರನ್‌ಗಳಲ್ಲಿ ಆ ಕಾಟ ಬಂದಿಲ್ಲ. ಬೈಂಡರ್ ಗೆರೆಗಳು 16, 32, 64ಕ್ಕೆ 2.27ರ ಹತ್ತಿರ ದಾಟುತ್ತಿವೆ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ.

ಈಗ ಗೈಡ್ ಹೊಸದೊಂದು ಹಚ್ಚಿದ್ದಾರೆ: ಇದರ ಕ್ವಾಂಟಮ್ ರೂಪ, ಟ್ರಾನ್ಸ್‌ವರ್ಸ್ ಫೀಲ್ಡ್ ಐಸಿಂಗ್ ಚೈನ್ (ಒಂದೇ ಸಾಲಿನ ಸ್ಪಿನ್‌ಗಳು, ಅಡ್ಡ ದಿಕ್ಕಿನಲ್ಲಿ ಒಂದು ಫೀಲ್ಡ್). ಮ್ಯಾಟ್ರಿಕ್ಸ್ ಕಟ್ಟಿ ಡಯಾಗನಲೈಸ್ ಮಾಡು, ಅಂದರೆ ಎನರ್ಜಿ ಮಟ್ಟಗಳನ್ನು ಹುಡುಕು ಅಂದರು. 40 ಸ್ಪಿನ್ ಸಾಕಾಗಬಹುದು ಅಂದುಕೊಂಡಿದ್ದೆ, ಇಲ್ಲಿ 1024 ಸ್ಪಿನ್ ಓಡಿಸಿದ್ದೇನಲ್ಲ.

ಮಂದಗತಿ

40 ಆಗದು :) ಕ್ಲಾಸಿಕಲ್‌ನಲ್ಲಿ ಒಂದು ಸಲಕ್ಕೆ ಒಂದು ಸ್ಥಿತಿ ಮಾತ್ರ ಮೆಮೊರಿಯಲ್ಲಿ ಇರುತ್ತದೆ. ಕ್ವಾಂಟಮ್‌ನಲ್ಲಿ ಅಲೆ ಫಂಕ್ಷನ್ ಅಂದರೆ ಎಲ್ಲ ಸ್ಥಿತಿಗಳಿಗೂ ಒಂದೊಂದು ಸಂಖ್ಯೆ, 2ರ 40ನೇ ಘಾತದಷ್ಟು. ಒಂದಕ್ಕೆ 8 ಬೈಟ್ ಹಾಕಿ, ಒಂದೇ ಒಂದು ವೆಕ್ಟರ್‌ಗೆ 8.8 ಟೆರಾಬೈಟ್. 20 ಸ್ಪಿನ್ ಆದರೆ 8 ಎಂಬಿ, ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ, ಆದರೆ ಪೂರ್ತಿ ಮ್ಯಾಟ್ರಿಕ್ಸ್ ಕಟ್ಟಲು ಹೋಗಬೇಡಿ. ಸೊನ್ನೆಗಳನ್ನು ಬಿಟ್ಟು ಸ್ಪಾರ್ಸ್ ಆಗಿ ಇಟ್ಟು ಲಾಂಚೋಸ್ ವಿಧಾನ (ತುದಿಯ ಕೆಲವು ಎನರ್ಜಿಗಳನ್ನಷ್ಟೇ ಹುಡುಕುವುದು) ಬಳಸಿ, ಕೆಳಗಿನ ಒಂದೆರಡು ಎನರ್ಜಿ ಸಾಕಲ್ಲವೇ.

ಕೊನೆ_ಬೆಂಚು

ಇನ್ನೂ ಉದ್ದದ ಚೈನ್ ಬೇಕಾದರೆ ಡಿಎಂಆರ್‌ಜಿ ಇದೆ, ಡೆನ್ಸಿಟಿ ಮ್ಯಾಟ್ರಿಕ್ಸ್ ರೀನಾರ್ಮಲೈಸೇಷನ್ ಗ್ರೂಪ್ ಅನ್ನುವ ವಿಧಾನ, ವೈಟ್ 1992ರಲ್ಲಿ ತಂದದ್ದು. ಒಂದು ಆಯಾಮದಲ್ಲಿ ನೂರಾರು ಸ್ಪಿನ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಯಾಕೆಂದರೆ ಗ್ರೌಂಡ್ ಸ್ಟೇಟ್‌ನಲ್ಲಿ (ಅತಿ ಕಡಿಮೆ ಎನರ್ಜಿಯ ಸ್ಥಿತಿಯಲ್ಲಿ) ಎಂಟ್ಯಾಂಗಲ್‌ಮೆಂಟ್, ಅಂದರೆ ಸ್ಪಿನ್‌ಗಳ ನಡುವಿನ ಕ್ವಾಂಟಮ್ ಹೆಣಿಗೆ, ಕಡಿಮೆ. ಎರಡು ಆಯಾಮಕ್ಕೆ ಹೋದರೆ ಅದೇ ಎಂಟ್ಯಾಂಗಲ್‌ಮೆಂಟ್ ಅಗಲದ ಜೊತೆ ಏರುತ್ತದೆ, ಅಲ್ಲಿ ಒದ್ದಾಟ. ನಿಮ್ಮ ಮಾಡೆಲ್‌ಗೆ ಕ್ವಾಂಟಮ್ ಮಾಂಟೆ ಕಾರ್ಲೊ ಕೂಡ ನಡೆಯುತ್ತದೆ: ಒಂದು ಆಯಾಮದ ಈ ಚೈನ್ ಎರಡು ಆಯಾಮದ ಕ್ಲಾಸಿಕಲ್ ಐಸಿಂಗ್ ಆಗಿ ಬದಲಾಗುತ್ತದೆ, ಆಗಲೇ ಬರೆದ ಕೋಡ್ ಅರ್ಧ ಕೆಲಸಕ್ಕೆ ಬರುತ್ತದೆ. ಎಲ್ಲ ಮಾಡೆಲ್‌ಗೂ ಈ ಭಾಗ್ಯ ಇಲ್ಲ. ಫರ್ಮಿಯಾನ್ (ಎಲೆಕ್ಟ್ರಾನ್‌ನಂಥ ಕಣ) ಬಂದರೆ, ಇಲ್ಲವೇ ತ್ರಿಕೋನ ಲ್ಯಾಟಿಸ್ ಮೇಲೆ ಆಂಟಿಫೆರೊ (ನೆರೆಯವು ಎದುರು ದಿಕ್ಕು ಬಯಸುವ) ಹೈಸನ್‌ಬರ್ಗ್ ಸ್ಪಿನ್ ಬಂದರೆ, ಸಾಧ್ಯತೆ ಆಗಬೇಕಾದ ತೂಕಗಳು ಮೈನಸ್ ಆಗಿಬಿಡುತ್ತವೆ. ಸೈನ್ ಪ್ರಾಬ್ಲಂ ಅನ್ನುವುದು ಅದನ್ನೇ. ಅಲ್ಲಿ ಎಷ್ಟು ಹೊತ್ತು ಓಡಿಸಿದರೂ ಸಿಗ್ನಲ್ ಗದ್ದಲದಲ್ಲಿ ಮುಳುಗುತ್ತದೆ.

ಶುರು 10 ಸ್ಪಿನ್‌ನಿಂದ ಮಾಡಿ. ಪೌಲಿ ಮ್ಯಾಟ್ರಿಕ್ಸ್‌ಗಳಲ್ಲಿ (ಸ್ಪಿನ್‌ಗೆ ಬಳಸುವ 2×2 ಮ್ಯಾಟ್ರಿಕ್ಸ್) ಬರೆದು, ಪೀರಿಯಾಡಿಕ್ ಇಟ್ಟು, ಫೀಲ್ಡ್ ಮತ್ತು ಜೋಡಣೆ ಎರಡೂ 1 ಮಾಡಿ. ಒಂದು ಸ್ಪಿನ್‌ಗೆ ಗ್ರೌಂಡ್ ಸ್ಟೇಟ್ ಎನರ್ಜಿ −1.2785 ಬರಬೇಕು. ಅನಂತ ಚೈನ್‌ನಲ್ಲಿ ಅದು −4/π, ಅಂದರೆ −1.2732. ನಿಮ್ಮದು ನಾಲ್ಕನೆಯ ಅಂಕಿವರೆಗೂ ಹೊಂದದಿದ್ದರೆ ಮೊದಲು ಅಂಚಿನ ಜೋಡಿಯನ್ನು ನೋಡಿ, ಕೊನೆಯ ಸ್ಪಿನ್ ಮತ್ತು ಮೊದಲ ಸ್ಪಿನ್ ನಡುವಿನ ಕೊಂಡಿ ಬಿಟ್ಟುಹೋಗಿರುವುದೇ ಜಾಸ್ತಿ.