ಪಾಶ್ಚಾತ್ಯ ದೇಶಗಳ 'ಹೋಳಿ ಪಾರ್ಟಿ' ನೋಡಿ ಬೇಜಾರಾಗೋದು ಸರಿನಾ?

ಮಲ್ನಾಡ್_ಹುಡುಗಿ:
ಜರ್ಮನಿಲಿ ಓದ್ತಿದೀನಿ. ಇಲ್ಲಿ ಬೇಸಿಗೆ ಬಂದ್ರೆ ಸಾಕು ಹೋಳಿ ಫೆಸ್ಟಿವಲ್ ಅಂತ ಟಿಕೆಟ್ ಇಟ್ಟು ಮಾಡ್ತಾರೆ, 2012ರಲ್ಲಿ ಬರ್ಲಿನ್‌ನಲ್ಲಿ ಶುರುವಾಗಿ ಬೇರೆ ಊರಿಗೆಲ್ಲ ಹಬ್ಬಿದ್ದು. ಡಿಜೆ, ಬಿಯರು, ಬಿಳಿ ಟೀಶರ್ಟು, ಕೌಂಟ್‌ಡೌನ್ ಮಾಡಿ ಎಲ್ರೂ ಒಟ್ಟಿಗೆ ಪುಡಿ ಮೇಲಕ್ಕೆ ಎರಚೋದು, ಅಷ್ಟೇ. ಫಾಲ್ಗುಣ ಹುಣ್ಣಿಮೆ ಕಳೆದು ತಿಂಗಳುಗಳೇ ಆಗಿರತ್ತೆ, ಕಾಮನೂ ಇಲ್ಲ ರತಿನೂ ಇಲ್ಲ. ಕ್ಲಾಸಿನವ್ರು 'ನಿಮ್ಮ ಹಬ್ಬ ಅಲ್ವಾ, ಬಾ' ಅಂತ ಪ್ರೀತಿಯಿಂದಾನೇ ಕರೀತಿದಾರೆ ಆದ್ರೆ ನಂಗ್ಯಾಕೋ ಮನಸ್ಸೇ ಬರ್ತಿಲ್ಲ. 2016ರಲ್ಲಿ ಬ್ರಿಟನ್ನಿನ ಪಾಪ್ ಬ್ಯಾಂಡ್ ಕೋಲ್ಡ್‌ಪ್ಲೇಯವ್ರು ಮುಂಬೈಲಿ ತೆಗೆದ, ಹೋಳಿ ಬಣ್ಣ ಎರಚೋ ವಿಡಿಯೋ ಬಂದಾಗ್ಲೂ ಇದೇ ಜಗಳ ಆಗಿತ್ತಲ್ವಾ. ನಿಮಗೇನನ್ಸುತ್ತೆ?

ಹಲಗಿ_ಸಪ್ಪಳ:
ಬ್ಯಾಸರ ಆಗೂದು ಸಹಜ ಐತಿ ತಂಗಿ. ನಮ್ ಬಾಗಲಕೋಟಿ ಕಡೆ ಹಲಗಿ ಸಪ್ಪಳ ಇಲ್ದ ಹೋಳಿ ಅನ್ನೂದೇ ಇಲ್ಲ, ಮೊದ್ಲ ಕಾಮಣ್ಣನ್ನ ಸುಡಬೇಕು, ಆಮ್ಯಾಲೆ ಬಣ್ಣ. ಮತ್ತ ಆ ಬಣ್ಣ ಬೀಳೂದು ಗುರುತಿನವ್ರ ಮ್ಯಾಲೆ. ಸಾಹುಕಾರ, ಮಾಸ್ತರ, ಸೋದರಮಾವ, ಉಳಿದ ದಿನ ಯಾರ ಮುಂದ ತೆಲಿ ಎತ್ತಿ ಮಾತಾಡಂಗಿಲ್ಲೋ ಅವ್ರ ಮಾರಿಗೆ ಅವತ್ತು ಬಣ್ಣ ಬಡೀಬಹುದು. ಇವ್ರು ಎರಚೂದು ಆಕಾಶಕ್ಕ, ಫೋಟೋಕ್ಕ. ಬಣ್ಣ ಅದ ಇದ್ರೂ ಕೆಲಸ ಬ್ಯಾರೆ ಆತು.

ತುಂಗೆಯ_ದಡ:
ಮೇಲಿನವ್ರು ಹೇಳಿದ್ದಕ್ಕೆ ಒಂದು ಸಾಕ್ಷಿ ಇದೆ. 15ನೇ ಶತಮಾನದಲ್ಲಿ ವಿಜಯನಗರ ನೋಡಿದ ಇಟಲಿಯ ನಿಕೊಲೊ ಕೊಂಟಿ, ಮೂರು ದಿನ ದಾರಿಹೋಕರ ಮೇಲೆಲ್ಲ ಕೇಸರಿ ನೀರು ಎರಚ್ತಾರೆ, ರಾಜ ರಾಣಿಯನ್ನೂ ಬಿಡಲ್ಲ, ಎಲ್ರೂ ನಗ್ತಾನೇ ಮೈಯೊಡ್ತಾರೆ ಅಂತ ಹೇಳಿದಾನೆ. ರಾಜನೂ ಒದ್ದೆ ಆಗ್ತಿದ್ದ ಅನ್ನೋದೇ ಅವನಿಗೂ ನೆನಪಲ್ಲಿ ಉಳಿದಿದ್ದು ನೋಡಿ.

ನೀಲಿಬಣ್ಣ:
ಎಲ್ಲಾನೂ ಒಂದೇ ತಕ್ಕಡೀಲಿ ಹಾಕ್ಬೇಡಿ. ಅಮೆರಿಕದ ಯೂಟಾದಲ್ಲಿ ಸ್ಪ್ಯಾನಿಷ್ ಫೋರ್ಕ್ ಅಂತ ಊರಿದೆ, ಅಲ್ಲಿನ ಇಸ್ಕಾನ್ ರಾಧಾಕೃಷ್ಣ ದೇವಸ್ಥಾನದಲ್ಲಿ ಪ್ರತಿ ವಸಂತದಲ್ಲಿ ಸಾವಿರಾರು ಜನ ಸೇರ್ತಾರೆ, ಅದರಲ್ಲಿ ತುಂಬಾ ಜನ ಪಕ್ಕದ ಯೂನಿವರ್ಸಿಟಿಯ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಹುಡುಗ್ರು ಹುಡುಗೀರು, ಅವ್ರ ಧರ್ಮದಲ್ಲಿ ಕುಡಿಯೋಹಾಗಿಲ್ಲ, ಅಲ್ಲೂ ಕುಡಿತ ಇಲ್ಲ, ಸ್ಟೇಜಿಂದ ಹರೇ ಕೃಷ್ಣ ಮಂತ್ರ ಬರ್ತಿದ್ರೆ ಬೇರೆ ಧರ್ಮದವ್ರೇ ಕುಣೀತಾರೆ. ದೇವಸ್ಥಾನದವ್ರೇ ಬಾಗಿಲು ತೆರೆದು ಕರೆದಿದ್ದು, ಅದನ್ನ ಕದ್ದಿದ್ದು ಅಂತ ನಾನು ಹೇಳಲ್ಲ. ಕಲರ್ ರನ್ ಅಂತ ಓಡೋರ ಮೇಲೆ ಬಣ್ಣದ ಪುಡಿ ಎರಚೋ ಓಟ ಇದೆಯಲ್ಲ, ಅದು ಬೇರೆ, 2012ರ ಜನವರಿಲಿ ಆರಿಜೋನಾದಲ್ಲಿ ಮೊದಲ ಓಟ, 5 ಕಿಲೋಮೀಟರ್, ಪೂರ್ತಿ ವ್ಯಾಪಾರ. ಹೋಳಿಯಿಂದ ಸ್ಫೂರ್ತಿ ಅಂತ ಒಪ್ಕೋತಾರೆ, ಆದ್ರೆ ಓಡೋ ಎಷ್ಟು ಜನಕ್ಕೆ ಅದು ತಲುಪುತ್ತೆ?

ಗುಲಾಲು:
ಎಲ್ರೂ ಪಾಪ್ ವಿಡಿಯೋದಿಂದ ಶುರು ಮಾಡ್ತೀರಲ್ಲ, ಹೋಳಿ ಕಡಲು ದಾಟಿದ್ದು ಕಬ್ಬಿನ ತೋಟಕ್ಕೆ ಹೋದ ಕೂಲಿಗಳ ಜೊತೆ. ದಕ್ಷಿಣ ಅಮೆರಿಕದ ಗಯಾನಾಕ್ಕೆ 1838ರಲ್ಲಿ, ಪಕ್ಕದ ಸುರಿನಾಮಿಗೆ 1873ರಲ್ಲಿ, ಹೆಚ್ಚಿನವ್ರು ಭೋಜಪುರಿ, ಅವಧಿ ಮಾತಾಡೋ ಜನ. ಅಲ್ಲಿ ಅದು ಫಗ್ವಾ, ಸರ್ಕಾರಿ ರಜೆ ಕೂಡ ಇದೆ. ಅವ್ರ ಮಕ್ಕಳು ಮೊಮ್ಮಕ್ಕಳೇ ನ್ಯೂಯಾರ್ಕಿನ ರಿಚ್ಮಂಡ್ ಹಿಲ್‌ನಲ್ಲಿ ಮೆರವಣಿಗೆ ಮಾಡೋದು. ಎಷ್ಟು ಕಷ್ಟದಲ್ಲಿ ಉಳಿಸ್ಕೊಂಡ ಹಬ್ಬ ಅದು, ಅದನ್ನ ಯಾರೂ ಮಾತಾಡಲ್ಲ ಅಂತ ನಂಗೆ ನಿಜವಾಗ್ಲೂ ಸಂಕಟ. ನೀವು ಜರ್ಮನಿಲಿ ಇದೀರಲ್ಲ, ನೆದರ್‌ಲ್ಯಾಂಡ್ಸ್‌ನ ಹೇಗ್‌ಗೆ ಹೋಗಿ, 1975ರಲ್ಲಿ ಸುರಿನಾಮಿಗೆ ಸ್ವಾತಂತ್ರ್ಯ ಬಂದ ಆಸುಪಾಸಲ್ಲಿ ಅಲ್ಲಿಂದ ಬಂದು ನೆಲೆಸಿದ ಹಿಂದೂಗಳು ತುಂಬಾ ಇದಾರೆ.

ಹತ್ತಿಬೀಜ:
ಎಲ್ಲಿಗೇ ಹೋಗಿ, ಒಂದು ಮಾತು. ಆ ಪುಡಿ ಸಾಮಾನ್ಯವಾಗಿ ಜೋಳದ ಪಿಷ್ಟ, ಗಾಳೀಲಿ ದಟ್ಟವಾಗಿದ್ರೆ ಬೆಂಕಿ ಹತ್ತುತ್ತೆ. 2015ರ ಜೂನ್‌ನಲ್ಲಿ ತೈವಾನಿನ ವಾಟರ್ ಪಾರ್ಕಲ್ಲಿ ಹೀಗೇ ಆಗಿ 15 ಜನ ತೀರ್ಕೊಂಡ್ರು, ನೂರಾರು ಜನಕ್ಕೆ ಸುಟ್ಟಗಾಯ. ಮೆಷಿನ್ನಲ್ಲಿ ಪುಡಿ ಊದ್ತಿದ್ರೆ, ಸುತ್ತ ಸಿಗರೇಟ್ ಸೇದ್ತಿದ್ರೆ ದಯವಿಟ್ಟು ನಿಲ್ಬೇಡಿ.

ಮಲ್ನಾಡ್_ಹುಡುಗಿ:
ಹೇಗ್ ವಿಷಯ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್. ಅಲ್ಲಿ ಸುಡೋದೂ ಇದೆಯಾ ಅಥವಾ ಬರೀ ಬಣ್ಣನಾ?

ಗುಲಾಲು:
ಸುಡೋದೂ ಇದೆ, ಕಾಮ ಅಲ್ಲ, ಪ್ರಹ್ಲಾದನ ಅತ್ತೆ ಹೋಲಿಕಾ. ಹಾಡು ಅವ್ರದೇ, ಚೌತಾಲ್ ಅಂತಾರೆ. ಹಳೇ ಬಟ್ಟೆ ಹಾಕ್ಕೊಂಡ್ ಹೋಗಿ.