ಬಿಲ್ಲಿಂಗ್ ಡೇಟಾ ನೋಡಿ ಮಾಲು ತರಿಸುವುದು ಹೇಗೆ?

ಪ್ರಶ್ನೆ: ದಿನಸಿ ಅಂಗಡಿಯ 2 ವರ್ಷದ ಬಿಲ್ಲಿಂಗ್ ಡೇಟಾ ಎಕ್ಸೆಲ್‌ನಲ್ಲಿದೆ. ಯಾವ ಮಾಲು ಯಾವಾಗ ತರಿಸಬೇಕು ಅಂತ ಇದರಿಂದ ತಿಳಿಯುತ್ತಾ? ಎಐ ಸಾಫ್ಟ್‌ವೇರ್ ಬೇಕಾ?

ಉತ್ತರ 1: ಸದ್ಯಕ್ಕೆ ಬೇಡ ಸರ್. ಉದಾಹರಣೆಗೆ ತೊಗರಿಬೇಳೆ ದಿನಕ್ಕೆ ಸರಾಸರಿ 12 ಪ್ಯಾಕೆಟ್ ಹೋಗುತ್ತೆ, ಆರ್ಡರ್ ಹಾಕಿದ ಮೇಲೆ ಮಾಲು ಬರಲು 4 ದಿನ ಬೇಕು ಅಂದುಕೊಳ್ಳಿ. ಆ 4 ದಿನಕ್ಕೆ 48 ಬೇಕು. ಆಪತ್ತಿಗೆ 15 ಸೇರಿಸಿ. ಸ್ಟಾಕ್ 63ಕ್ಕೆ ಇಳಿದ ದಿನವೇ ಆರ್ಡರ್ ಹಾಕಿ.

ಉತ್ತರ 2: ಮೊದಲು ಹೆಸರು ಸರಿಮಾಡಿ. ‘ತೊಗರಿ ಬೇಳೆ 1ಕೆಜಿ’, ‘ತೊಗರಿಬೇಳೆ 1 ಕೆಜಿ’ ಬೇರೆಬೇರೆ ಮಾಲಾಗಿ ಕೂತಿದ್ದರೆ ಸರಾಸರಿ ಒಡೆದುಹೋಗುತ್ತೆ. ಸ್ಟಾಕ್ ಖಾಲಿಯಿದ್ದ ದಿನಗಳ ಸೊನ್ನೆಯನ್ನೂ ಲೆಕ್ಕದಿಂದ ಬಿಡಿ. ಅವತ್ತು ಗಿರಾಕಿ ಬಂದಿದ್ದರು, ಮಾಲು ಇರಲಿಲ್ಲ ಅಷ್ಟೇ.

ಉತ್ತರ 3: ಬೆಲ್ಲಕ್ಕೆ ಮಾತ್ರ ತಾರೀಖು ಹೋಲಿಸಲೇಬೇಡಿ. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಹಳೇ ತಾರೀಖು ನಂಬಿದರೆ ಮಾಲು ಹಬ್ಬ ಮುಗಿದ ಮೇಲೆ ಬರುತ್ತೆ. ‘ಹಬ್ಬಕ್ಕೆ ಎಷ್ಟು ದಿನ’ ಅಂತ ಬೇರೆ ಕಾಲಂ ಹಾಕಿ. ಮುಂದೆ ಎಐ ತಂದರೂ ಈ ಕಾಲಂ ಬೇಕೇ ಬೇಕು.